ಹಿತ್ತಲಿನ ಮಳೆ ಲೆಕ್ಕ: ಬೆಳಿಗ್ಗೆ ಎಂಟೂವರೆಗೆ, ಮಿಲಿಮೀಟರಿನಲ್ಲಿ

ಮಾನ್ಯ ಸಂಪಾದಕರೆ,

ಭರಣಿ ಮಳೆ ಕೂಡಿದಂದಿನಿಂದ ನಿಮ್ಮ ಜಿಲ್ಲಾ ಪುಟದಲ್ಲಿ ಓದುಗರು ಕಳಿಸಿದ ಮಳೆ, ಬಿಸಿಲಿನ ಅಂಕಿಗಳು ಬರುತ್ತಿವೆ. ಒಬ್ಬರದು ‘ಎರಡು ಇಂಚು’, ಇನ್ನೊಬ್ಬರದು ‘4 ಸೆಂ.ಮೀ.’, ಮತ್ತೊಬ್ಬರದು ‘ಅರ್ಧ ಬಕೆಟ್’. ಬಿಸಿಲಿಗೆ ಕಾರಿನ ಪರದೆಯಲ್ಲಿ ಕಂಡ 47 ಡಿಗ್ರಿಯ ಚಿತ್ರ. ದಯವಿಟ್ಟು ಇದನ್ನು ನಿಲ್ಲಿಸಬೇಡಿ. ಆದರೆ ಎಲ್ಲರೂ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ, ಒಂದೇ ಕ್ರಮದಲ್ಲಿ ತೆಗೆದ ಅಂಕಿಯನ್ನಷ್ಟೇ ಹಾಕಿ. ಹಾಗೆ ಮಾಡಿದರೆ ಹಿತ್ತಲಿನ ಅಂಕಿಯನ್ನು ಪಕ್ಕದೂರಿನ ಅಂಕಿಯ ಜೊತೆ, ಸರ್ಕಾರದ ಅಂಕಿಯ ಜೊತೆ ಇಟ್ಟು ನೋಡಬಹುದು. ಈಗ ಬರುತ್ತಿರುವ ರೂಪದಲ್ಲಿ ಅವುಗಳಲ್ಲಿ ಒಂದನ್ನೂ ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ.

ಈ ಲೆಕ್ಕ ನಮ್ಮ ಭಾಗಕ್ಕೆ ಯಾಕೆ ಬೇಕು ಎಂಬುದನ್ನು ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ. ಅದರಲ್ಲೂ ಒಳ್ಳೆಯ ಪಾಲು ಸಂಜೆ ಎದ್ದು ರಾತ್ರಿ ಕರಗುವ ಗುಡುಗು ಮೋಡಗಳದು. ಎತ್ತಿನ ಒಂದು ಕೊಂಬು ತೊಯ್ದು ಇನ್ನೊಂದು ಒಣಗಿರುತ್ತದೆ ಅನ್ನುವ ಮಾತು ಇಂಥ ಮಳೆ ಕಂಡೇ ಹುಟ್ಟಿದ್ದು. ಸಿರವಾರದಲ್ಲಿ ಒಡ್ಡು ಒಡೆಯುವಂತೆ ಸುರಿದದ್ದು ಕವಿತಾಳದಲ್ಲಿ ಧೂಳನ್ನೂ ಅಡಗಿಸದೆ ಹೋಗಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟಿದೆ. ದೊಡ್ಡ ಕೆಲಸವೇ ಅದು. ಆದರೂ ಒಂದು ಪಂಚಾಯಿತಿಗೆ ನಾಲ್ಕೈದು ಊರು ಸೇರಿರುತ್ತವೆ, ಮಾಪಕ ಇರುವುದು ಒಂದು ಕಡೆ. ನಡುವಿನ ಆ ಖಾಲಿ ಜಾಗವನ್ನು ತುಂಬಬಲ್ಲದ್ದು ಮನೆ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ, ಶಾಲೆಯ ಅಂಗಳದಲ್ಲಿ ನಿಂತ ಸಣ್ಣ ಮಾಪಕಗಳು.

ಮೊದಲು ಬಕೆಟ್ಟಿನ ಮಾತು. ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು. ಬಾಯಿ 30 ಸೆಂ.ಮೀ., ತಳ 22 ಸೆಂ.ಮೀ. ಇರುವ ಬಕೆಟ್ಟಿನಲ್ಲಿ 20 ಮಿ.ಮೀ. ಮಳೆ ತಳದಲ್ಲಿ 35 ಮಿ.ಮೀ.ನಷ್ಟು ಎತ್ತರ ನಿಲ್ಲುತ್ತದೆ. ಸ್ಕೇಲು ಹಿಡಿದು ಓದಿದವರು ಸುಳ್ಳು ಹೇಳಿಲ್ಲ, ಪಾತ್ರೆಯೇ ಸುಳ್ಳು ಹೇಳಿದೆ. ಮಳೆ ಅಂದರೆ ನೀರು ಹರಿಯದೆ, ಇಂಗದೆ, ಆರದೆ ಬಿದ್ದಲ್ಲೇ ನಿಂತಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತು ಎಂಬ ಅಳತೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಬಿದ್ದರೆ ಒಂದು ಮಿಲಿಮೀಟರ್. ಎಕರೆಗೆ ಲೆಕ್ಕ ಹಾಕಿದರೆ 1 ಮಿ.ಮೀ. ಅಂದರೆ 4,047 ಲೀಟರ್. ಒಂದು ಇಂಚು, ಅಂದರೆ 25.4 ಮಿ.ಮೀ., ಒಂದು ಲಕ್ಷ ಲೀಟರ್ ದಾಟುತ್ತದೆ. 5,000 ಲೀಟರಿನ 20 ಟ್ಯಾಂಕರ್ ನೀರು. ಅಳತೆಯಲ್ಲಿ ಒಂದು ಇಂಚು ತಪ್ಪಿದರೆ ಹೊಲದ ಲೆಕ್ಕದಲ್ಲಿ ಎಷ್ಟು ತಪ್ಪುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಒಳ್ಳೆಯ ಮಾಪಕಕ್ಕೆ ದುಡ್ಡು ಬಹಳ ಬೇಕಿಲ್ಲ. ಬಾಯಿ ದುಂಡಗೆ, ಅಂಚು ಗಟ್ಟಿಯಾಗಿ ಇರುವ ಒಂದು ಆಲಿಕೆ, ಅದರ ಕೆಳಗೆ ಬಾಯಿ ಕಿರಿದಾದ ಒಂದು ಡಬ್ಬಿ, ಇವೆರಡನ್ನೂ ಒಳಗೆ ಇಟ್ಟುಕೊಳ್ಳುವ ಒಂದು ತುಂಡು ಪಿವಿಸಿ ಪೈಪು ಸಾಕು. ಬಿದ್ದ ನೀರನ್ನು ಮಿಲಿಲೀಟರ್ ಗೆರೆ ಇರುವ ಅಳತೆ ಜಾರಿನಲ್ಲಿ ಅಳೆಯಿರಿ. ಮಿಲಿಲೀಟರನ್ನು 10ರಿಂದ ಗುಣಿಸಿ, ಆಲಿಕೆಯ ಬಾಯಿಯ ವಿಸ್ತೀರ್ಣದಿಂದ (ಚದರ ಸೆಂ.ಮೀ.) ಭಾಗಿಸಿದರೆ ಮಿಲಿಮೀಟರ್ ಮಳೆ. 15 ಸೆಂ.ಮೀ. ಬಾಯಿಯ ವಿಸ್ತೀರ್ಣ 176.7 ಚದರ ಸೆಂ.ಮೀ. ಅದರಲ್ಲಿ 265 ಮಿ.ಲೀ. ಸಿಕ್ಕಿದರೆ ಮಳೆ 15 ಮಿ.ಮೀ. 16 ಸೆಂ.ಮೀ. ಬಾಯಿ ಸಿಕ್ಕರೆ ಇನ್ನೂ ಸಲೀಸು: ವಿಸ್ತೀರ್ಣ 201 ಚದರ ಸೆಂ.ಮೀ., ಹೆಚ್ಚುಕಮ್ಮಿ 20 ಮಿ.ಲೀ.ಗೆ ಒಂದು ಮಿಲಿಮೀಟರ್. ಬಾಯಿಲೆಕ್ಕದಲ್ಲೇ ಹೇಳಿಬಿಡಬಹುದು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಪೈಪಿನ ಮೇಲೆ ಅಚ್ಚಾದ ಅಂಕಿಯನ್ನು ನಂಬುವುದು. ಆಲಿಕೆ ಇಲ್ಲದೆ ಪೈಪಿನ ಬಾಯನ್ನೇ ಮಾಪಕದ ಬಾಯಿ ಮಾಡಿಕೊಂಡವರು ‘160’ ಎಂದು ಬರೆದದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅದು ಹೊರ ವ್ಯಾಸ. ಒಳಗಿನಿಂದ ಅಳೆದಾಗ 152 ಮಿ.ಮೀ. ಬಂದರೆ, ವಿಸ್ತೀರ್ಣ ವ್ಯಾಸದ ವರ್ಗದಂತೆ ಬದಲಾಗುವುದರಿಂದ ನಿಮ್ಮ ಲೆಕ್ಕ ಮಳೆಯನ್ನು ನೂರಕ್ಕೆ ಹತ್ತರಷ್ಟು ಕಡಿಮೆ ತೋರಿಸುತ್ತದೆ. ಒಳ ವ್ಯಾಸವನ್ನು ಮೂರು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ, ಬಿಸಿಲಿಗೆ ಪೈಪು ಸೊಟ್ಟಾಗಿರುತ್ತದೆ. ಅಂಚನ್ನು ಒಳಗೆ ನೇರವಾಗಿ ಬಿಟ್ಟು ಹೊರಗಿನಿಂದ ಅರದಿಂದ ಇಳಿಜಾರಾಗಿ ಉಜ್ಜಿ ಚೂಪು ಮಾಡಬೇಕು. ದಪ್ಪ ಅಂಚಿನ ಮೇಲೆ ಬಿದ್ದ ಹನಿ ಒಳಗೂ ಹೋಗಬಹುದು, ಹೊರಗೂ ಸಿಡಿಯಬಹುದು. ಚೂಪಾದರೆ ಆ ಗೊಂದಲ ಇಲ್ಲ.

ಬಾಯಿ ಕಿರಿದಾದ ಡಬ್ಬಿ ಬೇಕು ಅಂದದ್ದಕ್ಕೂ ಕಾರಣ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ತೆರೆದ ನೀರು ದಿನಕ್ಕೆ 10 ಮಿ.ಮೀ. ಆಸುಪಾಸು ಆರಿಹೋಗುತ್ತದೆ. ಮಧ್ಯಾಹ್ನದ ಮೂರು ಮಿಲಿಮೀಟರ್ ಮಳೆಯ ಹಿಂದೆಯೇ ಬಿಸಿಲು ಬಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಮರುದಿನ ಬೆಳಿಗ್ಗೆ ಏನೂ ಉಳಿದಿರುವುದಿಲ್ಲ. ‘ಮಳೆ ಇಲ್ಲ’ ಎಂದು ಬರೆದ ಆ ದಿನ ನಿಜಕ್ಕೂ ಮಳೆಯ ದಿನವಾಗಿರುತ್ತದೆ, ಏಕೆಂದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆಯ ದಿನ.

ಇನ್ನು ಜಾಗ. ನನ್ನ ಮಟ್ಟಿಗೆ ಮಾಪಕದ ಬೆಲೆಗಿಂತ ಮಾಪಕದ ಜಾಗ ಹತ್ತು ಪಾಲು ಮುಖ್ಯ. ಇಲಾಖೆಯ ಪದ್ಧತಿಯಲ್ಲಿ ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರುತ್ತದೆ. ಸುತ್ತಲಿನ ಗೋಡೆ, ಮರ ಮಾಪಕದ ಬಾಯಿಗಿಂತ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರವಾದರೂ ಇರಬೇಕು, ನಾಲ್ಕು ಪಟ್ಟಾದರೆ ಬಹಳ ಒಳ್ಳೆಯದು. ಬಾಯಿಗಿಂತ 6 ಮೀಟರ್ ಎತ್ತರದ ಬೇವಿನ ಮರದಿಂದ 12 ಮೀಟರ್ ದೂರ. ಐದಡಿ ಕಾಂಪೌಂಡ್ ಗೋಡೆ ಬಾಯಿಗಿಂತ ಸುಮಾರು 1.2 ಮೀಟರ್ ಮೇಲಿರುವುದರಿಂದ ಎರಡೂವರೆ ಮೀಟರ್ ದೂರ. 30–40ರ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಇಷ್ಟು ಜಾಗ ಉಳಿಯುವುದೇ ಇಲ್ಲ. ಹಾಗಾದಾಗ ಮಾಳಿಗೆಗೆ ಏರಿಸುತ್ತಾರೆ. ಮಾಳಿಗೆಯಲ್ಲಿ ಗಾಳಿ ಹೆಚ್ಚು. ಗಾಳಿ ಮಾಪಕದ ಅಂಚಿಗೆ ಬಡಿದು ಮೇಲೆದ್ದು, ಸಣ್ಣ ಹನಿಗಳನ್ನು ಬಾಯಿಯ ಮೇಲಿಂದ ಹಾರಿಸಿಕೊಂಡು ಹೋಗುತ್ತದೆ. ಗುಡುಗಿನ ಮಳೆಯ ದಪ್ಪ ಹನಿಗೆ ಈ ನಷ್ಟ ಕಡಿಮೆ. ಆರಿದ್ರಾ, ಪುನರ್ವಸು ಹೊತ್ತಿಗೆ ಪಡುವಣ ಗಾಳಿಯಲ್ಲಿ ಓರೆಯಾಗಿ ಬೀಳುವ ಜಿನುಗಿಗೆ ಬಹಳ ಹೆಚ್ಚು. ಬೇರೆ ದಾರಿಯೇ ಇಲ್ಲದಿದ್ದರೆ ಮಾಳಿಗೆಯ ನಡುವೆ ಇಡಿ, ಕಳಿಸುವಾಗ ‘ಮಾಳಿಗೆ’ ಎಂದು ಬರೆಯಿರಿ. ಅದಕ್ಕಿಂತ ಹೊಲದಲ್ಲಿ ಅಥವಾ ಶಾಲೆಯ ಅಂಗಳದಲ್ಲಿ ಇಡುವುದು ಮೇಲು.

ನೆಲದ ಮೇಲೆ ಇಡುವವರು ಇನ್ನೊಂದನ್ನು ಗಮನಿಸಬೇಕು. ನಮ್ಮ ಮನೆಗಳ ಮುಂದೆ ಹಿಂದೆ ಶಹಾಬಾದ್ ಫರಸಿ ಹಾಸಿರುತ್ತೇವೆ. ಜೋರು ಮಳೆಯಲ್ಲಿ ಫರಸಿಯ ಮೇಲೆ ಬಿದ್ದ ಹನಿ ಪುಟಿದು, ಒಂದಡಿ ಎತ್ತರದ ಬಾಯಿಯೊಳಗೂ ಸಿಡಿಯುತ್ತದೆ. ಮಾಪಕದ ಸುತ್ತ ಒಂದು ಮೀಟರಾದರೂ ಹುಲ್ಲು ಅಥವಾ ಗರಸು ಇರಲಿ. ಬುಡವನ್ನು ಗಟ್ಟಿ ಕಾಂಕ್ರೀಟಿನಲ್ಲಿ ಹುಗಿದು, ಬಾಯಿಯ ಮೇಲೆ ರಸಮಟ್ಟ ಇಟ್ಟು ಎರಡು ದಿಕ್ಕಿಗೂ ಮಟ್ಟ ನೋಡಿ. ಎರೆಮಣ್ಣಿನಲ್ಲಿ ಹುಗಿದವರು ಪ್ರತಿ ತಿಂಗಳೂ ಮಟ್ಟ ನೋಡಬೇಕು. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆ ಸಣ್ಣ ಕಟ್ಟೆಯನ್ನು ವಾಲಿಸುತ್ತದೆ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಈ ತೊಂದರೆ ಕಡಿಮೆ.

ಈಗ ಹೊತ್ತಿನ ವಿಷಯ. ಹೆಚ್ಚಿನ ಗೊಂದಲ ಇಲ್ಲೇ. ಇಲಾಖೆ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಹಿಂದಿನ ದಿನ 8.30ರಿಂದ ಇಂದು 8.30ರವರೆಗೆ ಬಿದ್ದದ್ದು ಇಂದಿನ ತಾರೀಖಿಗೆ ಸೇರುತ್ತದೆ. ಅಂದರೆ 11ನೇ ತಾರೀಖು ಸಂಜೆ ಸುರಿದ ಮಳೆ 12ರ ಲೆಕ್ಕದಲ್ಲಿ ಬರುತ್ತದೆ. ಓದುಗರು ‘ನಿನ್ನೆ ನಮ್ಮಲ್ಲಿ ಇಷ್ಟು ಮಳೆ ಆಗೈತ್ರಿ, ನಿಮ್ಮ ಪೇಪರಿನಾಗ ಸೊನ್ನೆ ಅದ’ ಎಂದು ದೂರುವಾಗ ಹತ್ತರಲ್ಲಿ ಎಂಟು ಸಲ ಈ ತಾರೀಖಿನ ವ್ಯತ್ಯಾಸವೇ ಕಾರಣ. ಅಂಗಡಿಯಲ್ಲಿ ಸಿಗುವ ಪರದೆಯ ಹವಾಮಾನ ಯಂತ್ರಗಳು ಇದಕ್ಕೆ ಇನ್ನಷ್ಟು ತೊಡಕು ಸೇರಿಸುತ್ತವೆ. ಅವುಗಳ ದಿನ ಮುಗಿಯುವುದು ನಡುರಾತ್ರಿ 12ಕ್ಕೆ. ರಾತ್ರಿ ಹನ್ನೊಂದೂವರೆಗೆ ಹಿಡಿದು ಒಂದು ಗಂಟೆಗೆ ಬಿಟ್ಟ 18 ಮಿ.ಮೀ. ಮಳೆಯನ್ನು ಅವು 7 ಒಂದು ದಿನಕ್ಕೆ, 11 ಮರುದಿನಕ್ಕೆ ಎಂದು ಒಡೆದಿಡುತ್ತವೆ. ನಮ್ಮ ಬೇಸಿಗೆ ಮಳೆ, ಹಿಂಗಾರಿ ಮಳೆ ಬೀಳುವುದೇ ಆ ಹೊತ್ತಿಗೆ. ಆದ್ದರಿಂದ ಯಂತ್ರದ ‘ಇಂದಿನ ಮಳೆ’ಯನ್ನು ಕಳಿಸಬೇಡಿ. ಅದರಲ್ಲಿ ಒಟ್ಟು ಮೊತ್ತ ಏರುತ್ತ ಹೋಗುವ ಇನ್ನೊಂದು ಅಂಕಿ ಇರುತ್ತದೆ, ಬೆಳಿಗ್ಗೆ 8.30ಕ್ಕೆ ಅದನ್ನು ಬರೆದುಕೊಂಡು ನಿನ್ನೆಯದನ್ನು ಕಳೆಯಿರಿ.

ಊರಿಗೆ ಹೋಗಿ ಮೂರು ದಿನ ಓದಲಾಗಲಿಲ್ಲ, ಬಂದಾಗ 42 ಮಿ.ಮೀ. ಇತ್ತು ಎನ್ನಿ. ಅದನ್ನು ದಿನಕ್ಕೆ 14 ಎಂದು ಹಂಚಬಾರದು. ‘3 ದಿನದ ಒಟ್ಟು 42’ ಎಂದೇ ಬರೆಯಬೇಕು. ನಾಲ್ಕು ಹನಿ ಬಿದ್ದು ಅಳೆಯಲು ಸಿಗದಿದ್ದರೆ ‘ಹನಿ’ ಎಂದು ಬರೆಯಿರಿ, ಸೊನ್ನೆ ಬೇಡ. ಮಳೆ ಬರಲಿಲ್ಲವೆಂದು ಖಚಿತವಿದ್ದರೆ ಮಾತ್ರ 0. ಓದಲೇ ಇಲ್ಲವಾದರೆ ಗೀಟು. ಸೊನ್ನೆ ಮತ್ತು ಗೀಟಿನ ನಡುವಿನ ಅಂತರವನ್ನು ದಯವಿಟ್ಟು ನಿಮ್ಮ ಅಚ್ಚಿನಲ್ಲೂ ಕಾಪಾಡಿ. ಜುಲೈನಲ್ಲಿ ತೊಗರಿ, ಸಜ್ಜೆ ಒಣಗಿ ನಿಂತಾಗ ಸಾಲಾಗಿ ಬಂದ 18 ಸೊನ್ನೆಗಳೇ ಮುಖ್ಯ ದಾಖಲೆ. ಅಲ್ಲಿ ಗೀಟು ಇದ್ದರೆ ಯಾರೂ ಒಪ್ಪುವುದಿಲ್ಲ.

ಯಂತ್ರದ ಮಳೆಮಾಪಕದ ಒಳಗೆ ಚಮಚದಂಥ ಎರಡು ಬಟ್ಟಲುಗಳ ತಕ್ಕಡಿ ಇರುತ್ತದೆ. ಒಂದು ತುಂಬಿ ವಾಲಿದಾಗ ‘ಟಿಕ್’ ಎಂದು 0.2 ಮಿ.ಮೀ. (ಕೆಲವದರಲ್ಲಿ 0.25) ಎಣಿಕೆಯಾಗುತ್ತದೆ. ನಮ್ಮ ಧೂಳಿನ ಸೀಮೆಯಲ್ಲಿ ಇದು ಕೆಡುವ ರೀತಿ ನೋಡಲೇಬೇಕು. ಮಾರ್ಚಿನಿಂದ ಆಲಿಕೆಯಲ್ಲಿ ಎರೆಧೂಳು, ಬೇವಿನ ಹೂವು, ಕಾಗೆಯ ಹಿಕ್ಕೆ ಸೇರುತ್ತ ಹೋಗುತ್ತವೆ. ಮೊದಲ ಮಳೆಯ ನಾಲ್ಕು ಹನಿಗೆ ಅದೆಲ್ಲ ಕಲಸಿದ ಹಿಟ್ಟಿನಂತಾಗಿ ತೂತಿಗೆ ಕೂರುತ್ತದೆ. ನೀರು ಆಲಿಕೆಯಲ್ಲೇ ನಿಂತು, ಸೊನೆಯಂತೆ ಒಂದೊಂದೇ ಹನಿ ಇಳಿಯುತ್ತದೆ. ಮರುದಿನ ಹತ್ತು ಗಂಟೆಯ ಸುಡುಬಿಸಿಲಿನಲ್ಲೂ ಪರದೆಯ ಮೇಲೆ 0.2, ಮತ್ತೆ 0.2 ಎಂದು ಮಳೆ ಏರುತ್ತಿದ್ದರೆ ತೂತು ಕಟ್ಟಿದೆ ಎಂದೇ ತಿಳಿಯಿರಿ. ಇನ್ನೊಂದು ತೊಂದರೆ ಒಳಗಿನದು. ಜೇಡ ಒಂದೇ ಒಂದು ಎಳೆಯನ್ನು ಬಟ್ಟಲಿನಿಂದ ಗೋಡೆಗೆ ಕಟ್ಟಿದರೂ ಬಟ್ಟಲು ವಾಲುವುದಿಲ್ಲ. ಮಣ್ಣಿನ ಗೂಡು ಕಟ್ಟುವ ಕಣಜ ನೀರು ಹೊರಹೋಗುವ ತೂತನ್ನೇ ಮುಚ್ಚುತ್ತದೆ. ಹದಿನೈದು ದಿನಕ್ಕೊಮ್ಮೆ ಆಲಿಕೆ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಟ್ಟಲು ತೊಳೆಯಬೇಕು. ತಕ್ಕಡಿಯ ಕೀಲಿಗೆ ಎಣ್ಣೆ ಬಿಡಬಾರದು. ಎಣ್ಣೆಗೆ ಧೂಳು ಹತ್ತಿ ಎರಡೇ ವಾರದಲ್ಲಿ ಬಿಗಿಯುತ್ತದೆ. ಆಲಿಕೆಯ ಅಂಚಿನ ಹೊರಗೆ ಮೇಲ್ಮುಖವಾಗಿ ತಂತಿ ಚೂಪುಗಳನ್ನು ಕಟ್ಟಿದರೆ ಕಾಗೆ ಕೂರುವುದಿಲ್ಲ.

ಇದು ಸರಿ ಎಣಿಸುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಲು ಔಷಧದ ಅಂಗಡಿಯ ಸಲೈನ್ ನಳಿಕೆ ಸಾಕು. ಆಲಿಕೆಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದರೆ 500 ಮಿ.ಲೀ. ನೀರು 25 ಮಿ.ಮೀ. ಮಳೆಗೆ ಸಮ. ಅದನ್ನು ನಳಿಕೆಯಿಂದ ಒಂದು ಗಂಟೆಯಲ್ಲಿ ಇಳಿಯುವಂತೆ ಹನಿಹನಿಯಾಗಿ ಬಿಡಿ. 0.2ರ ಬಟ್ಟಲು 125 ಸಲ ವಾಲಬೇಕು. 113 ಸಲ ವಾಲಿದರೆ ನಿಮ್ಮ ಯಂತ್ರ ನೂರಕ್ಕೆ ಹತ್ತರಷ್ಟು ಕಡಿಮೆ ಹೇಳುತ್ತಿದೆ. ಬಟ್ಟಲಿನ ಕೆಳಗಿನ ತಿರುಪುಗಳನ್ನು ಎರಡೂ ಕಡೆ ಸಮವಾಗಿ ಸ್ವಲ್ಪ ಮೇಲೆತ್ತಿದರೆ ಬಟ್ಟಲು ಬೇಗ ವಾಲುತ್ತದೆ. ನೀರನ್ನು ಒಮ್ಮೆಲೇ ಸುರಿದು ಪರೀಕ್ಷಿಸಬೇಡಿ. ಬಟ್ಟಲು ವಾಲುವ ಆ ಒಂದು ಗಳಿಗೆಯಲ್ಲಿ ಮೇಲಿಂದ ಬೀಳುವ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಧೋ ಎಂದು ಸುರಿಯುವ ಮಳೆಯಲ್ಲೂ ಯಂತ್ರ ಕಡಿಮೆ ತೋರಿಸುವುದು ಇದೇ ಕಾರಣಕ್ಕೆ. ಹಾಗಾಗಿ ಯಂತ್ರ ಇಟ್ಟವರೂ ಪಕ್ಕದಲ್ಲಿ ಒಂದು ಕೈಮಾಪಕ ಇಡಲೇಬೇಕು. ಮಳೆ ಯಾವ ಹೊತ್ತಿಗೆ ಹಿಡಿಯಿತು, ಯಾವ ಹೊತ್ತಿಗೆ ಬಿಟ್ಟಿತು ಎಂಬುದನ್ನು ಯಂತ್ರದಿಂದ, ಎಷ್ಟು ಬಿತ್ತು ಎಂಬುದನ್ನು ಕೈಮಾಪಕದಿಂದ ತೆಗೆದುಕೊಳ್ಳಿ.

ಬಿಸಿಲಿನ ಅಂಕಿಗೆ ಬರುತ್ತೇನೆ. ಮೇ ತಿಂಗಳಲ್ಲಿ ರಾಯಚೂರು 40 ಡಿಗ್ರಿ ದಾಟುವುದು ಹೊಸದಲ್ಲ. ಆದರೆ ಕಾರಿನ ಪರದೆಯ 47 ಡಿಗ್ರಿ ಗಾಳಿಯ ಉಷ್ಣಾಂಶವಲ್ಲ, ಡಾಂಬರು ರಸ್ತೆಯ ಮತ್ತು ಎಂಜಿನ್ನಿನ ಕಾವು ಸೇರಿದ್ದು. ಮೊಬೈಲಿನಲ್ಲಿ ಕಾಣುವುದನ್ನು ನಿಮ್ಮ ಊರಿನಲ್ಲಿ ಯಾರೂ ಅಳೆದಿರುವುದಿಲ್ಲ, ಅದು ದೂರದ ಗಣಕ ಹಾಕಿದ ಅಂದಾಜು. ಇವನ್ನು ‘ದಾಖಲೆ ಬಿಸಿಲು’ ಎಂದು ಅಚ್ಚು ಹಾಕುವುದರಿಂದ ಒಂದು ಅಪಾಯವಿದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಅಥವಾ ನೇರವಾಗಿ 45 ಮುಟ್ಟಿದರೆ ಇಲಾಖೆ ಅದನ್ನು ಬಿಸಿಗಾಳಿ ಎಂದು ಕರೆಯುತ್ತದೆ. ದಿನವೂ 47 ಓದಿ ರೂಢಿಯಾದ ಜನ ನಿಜವಾಗಿ 45 ಬಂದ ದಿನದ ಎಚ್ಚರಿಕೆಯನ್ನು ಲೆಕ್ಕಕ್ಕೇ ಇಡುವುದಿಲ್ಲ.

ಉಷ್ಣಮಾಪಕಕ್ಕೆ ನೆರಳು ಬೇಕು, ಗಾಳಿ ಆಡಬೇಕು, ಸುತ್ತಲಿನ ಕಾವು ತಾಗಬಾರದು. ವೀಕ್ಷಣಾಲಯಗಳಲ್ಲಿ ಇದಕ್ಕೆ ಬಿಳಿ ಬಣ್ಣದ, ಎರಡು ಪದರ ಜಾಲಿಪಟ್ಟಿಯ ಸ್ಟೀವನ್ಸನ್ ಪೆಟ್ಟಿಗೆ ಇರುತ್ತದೆ. ಬಾಗಿಲು ಬಡಗಣ ದಿಕ್ಕಿಗೆ, ಓದುವಾಗ ಬಿಸಿಲು ಒಳಗೆ ಬೀಳದಿರಲೆಂದು. ಮನೆಯಲ್ಲಿ ಮಾಡುವುದಾದರೆ ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆ ಎಂಟು ತನ್ನಿ. ಮೇಲಿನ ಎರಡನ್ನು ಹಾಗೇ ಬಿಟ್ಟು ಉಳಿದ ಆರರ ನಡುವನ್ನು ದುಂಡಗೆ ಕತ್ತರಿಸಿ. ಬೋರಲು ಹಾಕಿ, ಮೂರು ಉದ್ದ ತಿರುಪು ಸರಳಿನಲ್ಲಿ ಪೋಣಿಸಿ, ತಟ್ಟೆಯಿಂದ ತಟ್ಟೆಗೆ ಒಂದೂವರೆ ಸೆಂ.ಮೀ. ಸಂದು ಇರುವಂತೆ ನಡುವೆ ಪೈಪಿನ ತುಂಡು ಹಾಕಿ ಬಿಗಿಯಿರಿ. ಉಷ್ಣಮಾಪಕದ ತುದಿ ಯಾವ ತಟ್ಟೆಗೂ ತಾಗದೆ ನಡುವಿನ ಖಾಲಿ ಜಾಗದಲ್ಲಿ ತೂಗಬೇಕು. ನೆಲದಿಂದ 1.2ರಿಂದ 1.5 ಮೀಟರ್ ಎತ್ತರ, ಮಣ್ಣು ಅಥವಾ ಹುಲ್ಲಿನ ಮೇಲೆ. ತಗಡಿನ ಸೂರು, ಫರಸಿ, ಏರ್ ಕೂಲರಿನ ಬಾಯಿ, ಎ.ಸಿ.ಯ ಹೊರಪೆಟ್ಟಿಗೆ ಹತ್ತಿರ ಇರಬಾರದು. ಹಗಲೆಲ್ಲ ಕಾದ ಸಿಮೆಂಟ್ ಗೋಡೆ ರಾತ್ರಿಯಿಡೀ ಕಾವು ಬಿಡುತ್ತದೆ, ಗೋಡೆಗೆ ಮೊಳೆ ಹೊಡೆದು ತೂಗಿಸಿದ ಮಾಪಕದ ಕನಿಷ್ಠ ಉಷ್ಣಾಂಶ ಎರಡು ಮೂರು ಡಿಗ್ರಿ ಹೆಚ್ಚೇ ಇರುತ್ತದೆ. ಮಾಪಕದ ಬುಡದಲ್ಲಿ ಗಿಡಗಳಿಗೆ ನೀರು ಹಾಯಿಸಿದರೆ ತಿರುಗಾಮುರುಗ: ಉಷ್ಣಾಂಶ ಇಳಿದು ತೇವಾಂಶ ಏರುತ್ತದೆ. ಧೂಳು ಕುಳಿತು ಬಿಳಿ ತಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿದರೆ ಅದೂ ಬಿಸಿಲು ಹೀರುತ್ತದೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ.

ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ ಸೂರ್ಯೋದಯದ ಹೊತ್ತಿನದು, ಬೆಳಿಗ್ಗೆ 8.30ಕ್ಕೆ ಓದಿದ್ದು ಇಂದಿನ ತಾರೀಖಿಗೇ ಸೇರುತ್ತದೆ. ಅದೇ ಹೊತ್ತಿಗೆ ಮಾಪಕದಲ್ಲಿ ಕಾಣುವ ಗರಿಷ್ಠ ನಿನ್ನೆ ಮಧ್ಯಾಹ್ನದ್ದು, ಅದನ್ನು ನಿನ್ನೆಯ ತಾರೀಖಿಗೆ ಬರೆಯಬೇಕು. ಬರೆದ ಕೂಡಲೇ ಗುಂಡಿ ಒತ್ತಿ ಹಳೆಯದನ್ನು ಅಳಿಸದಿದ್ದರೆ ಮೊನ್ನೆಯ 42 ಡಿಗ್ರಿಯೇ ವಾರವಿಡೀ ಕೂತಿರುತ್ತದೆ. ನೀರು ತಾಗಿದರೂ ಕೆಡದ ತಂತಿ ಮಾಪಕ ಇದ್ದವರು ಐಸನ್ನು ಕುಟ್ಟಿ, ತುಸು ಬಟ್ಟಿ ಇಳಿಸಿದ ನೀರು ಬೆರೆಸಿ, ತುದಿಯನ್ನು ಅದರಲ್ಲಿ ಕಾಲು ಗಂಟೆ ಅದ್ದಿಡಿ. ಸೊನ್ನೆ ತೋರಿಸಬೇಕು. 0.8 ತೋರಿಸಿದರೆ ಪ್ರತಿ ಓದಿನಿಂದಲೂ 0.8 ಕಳೆಯಿರಿ.

ತೇವಾಂಶದ ಮಾಪಕ ಬಿಸಿಲಿಗೆ, ಧೂಳಿಗೆ ಬೇಗ ದಾರಿ ತಪ್ಪುತ್ತದೆ. ಅದನ್ನು ಪರೀಕ್ಷಿಸಲು ಅಡುಗೆ ಉಪ್ಪೇ ಸಾಕು. ಒಂದು ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಹಸಿ ಮರಳಿನಂತಾಗುವಷ್ಟೇ ನೀರು ಹನಿಸಿ. ಉಪ್ಪು ಪೂರ್ತಿ ಕರಗಬಾರದು. ಮುಚ್ಚಳವನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು, ಮನೆಯೊಳಗೆ ತಂಪು ಜಾಗದಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. ಹಳೆಯ ಪದ್ಧತಿಯ ಒದ್ದೆಬತ್ತಿ ಮಾಪಕ (ತುದಿಗೆ ಒದ್ದೆ ಬತ್ತಿ ಸುತ್ತಿ ತೇವಾಂಶ ಅಳೆಯುವ ಉಷ್ಣಮಾಪಕ) ಇಟ್ಟವರು ಬತ್ತಿಗೆ ಬೋರಿನ ನೀರು ಹಾಕಬಾರದು. ನಮ್ಮ ಸವಳು ನೀರಿಗೆ ಬತ್ತಿಯ ಮೇಲೆ ಬಿಳಿ ಉಪ್ಪು ಕಟ್ಟಿ, ನೀರು ಆವಿಯಾಗುವುದು ತಗ್ಗಿ, ತೇವಾಂಶ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ.

ಗಾಳಿಯ ಒತ್ತಡದ ಬಗ್ಗೆ ಒಂದೇ ಮಾತು. ಹೊಸದಾಗಿ ಯಂತ್ರ ತಂದವರು ಮಧ್ಯಾಹ್ನ ನಾಲ್ಕಕ್ಕೆ ಒತ್ತಡ ಇಳಿದದ್ದನ್ನು ಕಂಡು ‘ಇವತ್ತು ಮಳೆ ಖಾತ್ರಿ’ ಎಂದು ಹೇಳಿಬಿಡುತ್ತಾರೆ. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ: ಬೆಳಿಗ್ಗೆ, ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ನಸುಕಿನ, ಮಧ್ಯಾಹ್ನದ ನಾಲ್ಕರ ಸುಮಾರಿಗೆ ಕಡಿಮೆ. ಮೋಡವೇ ಇಲ್ಲದ ದಿನವೂ ಈ ಏರಿಳಿತ ಇರುತ್ತದೆ. ಇಂದಿನ ನಾಲ್ಕು ಗಂಟೆಯನ್ನು ನಿನ್ನೆಯ ನಾಲ್ಕು ಗಂಟೆಯೊಂದಿಗೆ ಹೋಲಿಸಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಇಡೀ ಅಲೆಯೇ ಕೆಳಗೆ ಜಗ್ಗುವುದು ಆಗ ಕಣ್ಣಿಗೆ ಕಾಣುತ್ತದೆ. ಇನ್ನು ಗಾಳಿಯ ವೇಗ: ಇಲಾಖೆ ಅಳೆಯುವುದು 10 ಮೀಟರ್ ಎತ್ತರದಲ್ಲಿ. ಹಿತ್ತಲಿನ ಗಾಳಿಚಕ್ರದ ಅಂಕಿಯನ್ನು ಅದರ ಪಕ್ಕ ಇಡಬೇಡಿ, ದಿಕ್ಕು ಬರೆದರೆ ಸಾಕು.

ಆಣೆಕಲ್ಲು ಬಿದ್ದರೆ ಹೊತ್ತು, ಎಷ್ಟು ನಿಮಿಷ, ಕಲ್ಲಿನ ಗಾತ್ರ ಈ ಮೂರನ್ನು ಬರೆದಿಡಿ. ಕಲ್ಲನ್ನು ಸ್ಕೇಲಿನ ಪಕ್ಕ ಇಟ್ಟು ಚಿತ್ರ ತೆಗೆಯಿರಿ. ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಆಣೆಕಲ್ಲು, ಹೊಲದಲ್ಲಿ ನೀರು ನಿಲ್ಲುವುದು ಇಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು, ಆಗ ಹೊತ್ತು ತಾರೀಖು ಗೊತ್ತಿರಬೇಕಾಗುತ್ತದೆ. ಹಿತ್ತಲಿನ ಮಾಪಕದ ಅಂಕಿಯನ್ನೇ ನಂಬಿ ಯಾರೂ ಪರಿಹಾರ ಕೊಡುವುದಿಲ್ಲ ಎಂಬುದನ್ನೂ ರೈತರಿಗೆ ನೇರವಾಗಿ ಹೇಳಬೇಕು. ಲೆಕ್ಕಕ್ಕೆ ಬರುವುದು ಅಧಿಕೃತ ಮಾಪಕದ್ದೇ. ಆದರೆ ಪಂಚಾಯಿತಿಯ ಮಾಪಕ 0 ತೋರಿಸಿದ ದಿನ ಸುತ್ತಲಿನ ಐದು ಹಿತ್ತಲುಗಳು 28, 31, 26, 33, 30 ಎಂದು ಬರೆದಿದ್ದರೆ, ಆ ಮಾಪಕದ ತೂತು ಕಟ್ಟಿದೆಯೇ ನೋಡಿ ಎಂದು ಕೇಳಲು ಕೈಯಲ್ಲಿ ಆಧಾರ ಇರುತ್ತದೆ. ಆ ಐದೂ ಒಂದೇ ಹೊತ್ತಿಗೆ ಓದಿದವಾಗಿರಬೇಕು ಅಷ್ಟೇ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ಓದುಗರ ಅಂಕಿಯ ಜೊತೆ ಊರು, ತಾಲ್ಲೂಕು, ಓದಿದ ಹೊತ್ತು, ಮಾಪಕದ ಬಾಯಿಯ ಅಳತೆ, ನೆಲವೋ ಮಾಳಿಗೆಯೋ, ಕೈಮಾಪಕವೋ ಯಂತ್ರವೋ ಎಂಬುದನ್ನು ಒಮ್ಮೆ ಕೇಳಿ ದಾಖಲಿಸಿಕೊಳ್ಳಿ. ಬೆಳಿಗ್ಗೆ 8.30ರದ್ದಲ್ಲದ ಅಂಕಿಯನ್ನು ಕೈಬಿಡಿ. ಇಂಚು, ಸೆಂಟಿಮೀಟರ್ ಬೇಡ, ಎಲ್ಲವೂ ಮಿಲಿಮೀಟರಿನಲ್ಲಿರಲಿ. ಬೆಂಗಳೂರಿನ ಹವಾಮಾನ ಕೇಂದ್ರದ ಪ್ರಕಟಣೆಯಲ್ಲಿ ಸೆಂ.ಮೀ. ಇದ್ದರೆ ಹತ್ತರಿಂದ ಗುಣಿಸಿ ಹಾಕಿ, ‘3 ಸೆಂ.ಮೀ.’ ಮತ್ತು ‘30 ಮಿ.ಮೀ.’ ಬೇರೆ ಬೇರೆ ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ಚೌಕಟ್ಟಿನ ತಲೆಬರಹದಲ್ಲಿ ‘ನಿನ್ನೆಯ ಮಳೆ’ ಎನ್ನುವ ಬದಲು ‘ಇಂದು ಬೆಳಿಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆ’ ಎಂದು ಬರೆಯಿರಿ. ಪತ್ರಿಕೆ ಮರುದಿನ ಕೈಗೆ ಬರುವುದರಿಂದ ತಾರೀಖನ್ನೂ ಹಾಕಿ. ಮಳೆಯ ಅಂಕಿಯ ಪಕ್ಕದಲ್ಲಿ ‘ಗೇಣು ಹಸಿ’, ‘ಮೊಳ ಹಸಿ’ ಎಂದು ಹೊಲ ಅಗೆದು ನೋಡಿದ ಮಾತನ್ನು ರೈತರು ಕಳಿಸಿದರೆ ಅದನ್ನೂ ಬಿಡಬೇಡಿ. ಅದೇ 20 ಮಿ.ಮೀ. ಮಸಾರಿಯಲ್ಲಿ ಎಷ್ಟು ಇಳಿಯಿತು, ಎರೆಯಲ್ಲಿ ಎಷ್ಟು ಇಳಿಯಿತು ಎಂಬುದು ಕೂರಿಗೆ ಹೂಡುವವರಿಗೆ ಬೇಕಾದ ಸುದ್ದಿ.

ರೋಹಿಣಿ ಮಳೆ ಕೂಡುವುದು ಮೇ 25ರ ಆಸುಪಾಸು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂದು ಕಾಯುವವರ ನಾಡಿದು. ಹೊಸ ಕ್ರಮ ಅಂದಿನಿಂದ ಶುರುವಾದರೆ ಮುಂಗಾರಿನ ಲೆಕ್ಕ ಪೂರ್ತಿ ಸಿಗುತ್ತದೆ. ಮಾಪಕ ಇಟ್ಟವರು ಅಷ್ಟರೊಳಗೆ ಆಲಿಕೆ ಬಿಚ್ಚಿ, ತೂತಿನಲ್ಲಿ ಕಡ್ಡಿಯಾಡಿಸಿ, ಒಂದು ಲೋಟ ನೀರು ಸುರಿದು ತಡೆಯಿಲ್ಲದೆ ಇಳಿಯುತ್ತದೆಯೇ ನೋಡಿಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ಹಿತ್ತಲಲ್ಲಿ ಮಳೆ ಅಳೆಯುವ ಓದುಗ,
ರಾಯಚೂರು